ಸುಲಿಯುವ ಮಿಷನ್ ಹಿಂದೆ, ನಾವು ಮುಂದೆ: ಶಿವಮೊಗ್ಗದಿಂದ ತುಮರಿಗೆ

ಶನಿವಾರ, ಶಿವಮೊಗ್ಗ

ದೀಪಾವಳಿ ಮುಗಿಯಿತು ಅಂದರೆ ಮಲೆನಾಡಿನಲ್ಲಿ ಎಲ್ಲರಿಗೂ ಒಂದೇ ಸಲ ಅಡಿಕೆ ಸುಲಿಯುವ ಮಿಷನ್ ಬೇಕು. ಭಾವನ ಮಿಷನ್ ಎರಡು ಚಕ್ರದ ಟ್ರೈಲರ್ ಮೇಲೆ ಕೂತಿದೆ. ಪಿಕಪ್ಪಿಗೆ ಸಿಕ್ಕಿಸಿಕೊಂಡು ತೋಟದಿಂದ ತೋಟಕ್ಕೆ ತಿರುಗುವುದು. ಈ ಸಲ ತೀರ್ಥಹಳ್ಳಿ ಹತ್ತಿರ ಒಂದು ಮನೆ, ಆಮೇಲೆ ನಗರ ಅನ್ನುವ ಊರು, ಅಲ್ಲಿಂದ ಹೊಸನಗರ, ಸಾಗರ ದಾಟಿ ತುಮರಿ. ಡ್ರೈವಿಂಗ್ ಭಾವನದ್ದು. ಟ್ರೈಲರಿನ ಉಸ್ತುವಾರಿ ನನ್ನದು.

ಮಿಷನ್ನಿಗೆ ಸಿಗುವ ಉಪಚಾರ ಕೆಳಗಿನ ಚಕ್ರಗಳಿಗೆ ಸಿಗುವುದಿಲ್ಲ. ಬೆಲ್ಟ್ ನೋಡುತ್ತಾರೆ, ಬ್ಲೇಡ್ ನೋಡುತ್ತಾರೆ, ಡೀಸೆಲ್ ತುಂಬಿಸುತ್ತಾರೆ, ಹೊರಟೇಬಿಡುತ್ತಾರೆ. ಪಿಕಪ್ಪಿನ ಚಕ್ರ ಕೂಗಿದರೆ ಡ್ರೈವರಿಗೆ ಕೇಳುತ್ತದೆ, ಸ್ಟೇರಿಂಗ್ ಹಿಡಿದ ಕೈಗೂ ಗೊತ್ತಾಗುತ್ತದೆ. ಟ್ರೈಲರ್ ಚಕ್ರ ಎಷ್ಟು ಕೂಗಿದರೂ ಮುಂದೆ ಕೂತವರಿಗೆ ಸುದ್ದಿಯೇ ಇಲ್ಲ. ಹಿಂದೆ ಬರುವ ಬೈಕಿನವನು ಹಾರ್ನ್ ಹೊಡೆದು ಕೈ ತೋರಿಸುವಷ್ಟರಲ್ಲಿ ಚಕ್ರದ ನಡುವಿನ ಹಬ್ಬಿನಿಂದ ಹೊಗೆ ಬರುತ್ತಿರುತ್ತದೆ. ಅದಕ್ಕೇ ಎರಡೂ ಕಡೆ ಹಬ್ಬಿನೊಳಗಿನ ಬೇರಿಂಗ್ ಬಿಚ್ಚಿ ನೋಡದೆ ಹೊರಡುವುದು ಬೇಡ ಅಂತ ಹಟ ಹಿಡಿದೆ.

"ಹೋದ ವರ್ಷ ಗ್ರೀಸ್ ಹಾಕಿಸಿದ್ದು ಮಾರಾಯ. ಅಲ್ಲಿಂದ ಎಷ್ಟು ಓಡಿದೆ ಮಹಾ?" ಅಂದ ಭಾವ.

ಓಡಿದ್ದು ಕಡಿಮೆಯೇ. ವರ್ಷಕ್ಕೊಮ್ಮೆ ಅಥವಾ 20,000 ಕಿಲೋಮೀಟರಿಗೊಮ್ಮೆ, ಯಾವುದು ಮೊದಲೋ ಆವಾಗ ಬಿಚ್ಚಿ ಗ್ರೀಸ್ ಬದಲಿಸಬೇಕು ಅನ್ನುವುದು ಸಾಮಾನ್ಯ ಲೆಕ್ಕ. ನಮ್ಮ ಕಡೆ ಕಿಲೋಮೀಟರ್ ಲೆಕ್ಕ ಹಿಡಿದರೆ ಕೆಟ್ಟೆವು. ಮಳೆಗಾಲ ಪೂರ್ತಿ ಟ್ರೈಲರ್ ಕೊಟ್ಟಿಗೆ ಪಕ್ಕ ಹಂಚಿನ ನೀರು ಬೀಳುವಲ್ಲಿ ನಿಂತಿತ್ತು. ಬೇರಿಂಗ್ ತಿನ್ನುವುದು ಆ ನೀರು.

ಮೊದಲು ಟ್ರೈಲರನ್ನು ಪಿಕಪ್ಪಿಗೆ ಸಿಕ್ಕಿಸಿ ಹ್ಯಾಂಡ್ ಬ್ರೇಕ್ ಹಾಕಿಸಿದೆ. ಬಿಚ್ಚಿಟ್ಟ ಟ್ರೈಲರಿಗೆ ಜಾಕ್ ಕೊಟ್ಟರೆ ಅದು ಯಾವ ಕಡೆ ಉರುಳುತ್ತದೋ ಹೇಳಲಾಗದು. ಇನ್ನೊಂದು ಕಡೆಯ ಚಕ್ರಕ್ಕೆ ಹಿಂದೆ ಮುಂದೆ ಕಟ್ಟೆ ಕೊಟ್ಟು, ಆಕ್ಸಲ್ ಕೆಳಗೆ ಜಾಕ್ ಇಟ್ಟು ಎತ್ತಿದೆವು. ಚಕ್ರದ ಮೇಲ್ತುದಿ ಒಂದು ಕೈಯಲ್ಲಿ, ಕೆಳತುದಿ ಇನ್ನೊಂದು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಪ್ಲೇ, ಅಂದರೆ ಸಡಿಲ, ಎಷ್ಟಿದೆ ಅಂತ ಗೊತ್ತಾಗುತ್ತದೆ. ಬಲಗಡೆ ಸರಿ ಇತ್ತು. ಎಡಗಡೆ ಕಟಕ್ ಅಂತು. ತಿರುಗಿಸಿದರೆ ಒಳಗೆ ಮರಳು ಅರೆದ ಸದ್ದು.

ಡಸ್ಟ್ ಕ್ಯಾಪ್ ತೆಗೆದ ಕೂಡಲೇ ಭಾವನ ಗೊಣಗಾಟ ನಿಂತಿತು. ಗ್ರೀಸ್ ಹಾಲು ಜಾಸ್ತಿಯಾದ ಕಾಫಿ ಬಣ್ಣಕ್ಕೆ ತಿರುಗಿತ್ತು. ನೀರು ಬೆರೆತರೆ ಹಾಗೇ ಆಗುವುದು. ನಟ್ ತಿರುಗದಂತೆ ತಡೆಯುವ ಸ್ಪ್ಲಿಟ್ ಪಿನ್ ನೇರ ಮಾಡಿ ಎಳೆದು, ತಲೆಯಲ್ಲಿ ಸಂದಿಗಳಿರುವ ಕ್ಯಾಸಲ್ ನಟ್ ಬಿಚ್ಚಿ, ವಾಷರ್ ತೆಗೆದರೆ ಹೊರಗಿನ ಬೇರಿಂಗಿನ ಕೋನ್, ಅಂದರೆ ರೋಲರ್‌ಗಳನ್ನು ಹೊತ್ತ ಒಳಬಳೆ, ಕೈಗೇ ಬಂತು. ಹಬ್ ಎಳೆದು, ಹಿಂದಿನ ಆಯಿಲ್ ಸೀಲ್ ಕಿತ್ತು, ಒಳಗಿನ ದೊಡ್ಡ ಕೋನ್ ತೆಗೆದು ಎರಡನ್ನೂ ಸೀಮೆಎಣ್ಣೆಯಲ್ಲಿ ತೊಳೆದೆವು. ತೊಳೆದ ಬೇರಿಂಗಿಗೆ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹಿಡಿದು ಗಿರ್ರ್ ಅಂತ ತಿರುಗಿಸುವ ಖುಷಿ ಬಹಳ ಜನಕ್ಕಿದೆ. ಅದು ಬೇಡ. ಒಣ ಬೇರಿಂಗ್ ಆ ವೇಗಕ್ಕೆ ತಿರುಗಿದರೆ ರೋಲರ್‌ಗಳನ್ನು ಹಿಡಿದಿಡುವ ಕೇಜ್ ಒಡೆದು ಅವು ಮುಖಕ್ಕೆ ಹಾರಬಹುದು. ಬಟ್ಟೆಯಲ್ಲಿ ಒರೆಸಿ ನೆರಳಿನಲ್ಲಿ ಒಣಗಿಸಿದರೆ ಸಾಕು.

ಒಣಗಿದ ಮೇಲೆ ಬಿಸಿಲಿಗೆ ಹಿಡಿದು ನೋಡಿದೆ. ಹಬ್ಬಿನೊಳಗೆ ಕೂತಿರುವ ಹೊರಬಳೆಗೆ ಕಪ್ ಅನ್ನುತ್ತಾರೆ. ಅದರ ಮೈಮೇಲೆ ಕಪ್ಪು ಬಣ್ಣದ ಗೆರೆಗಳು. ರೋಲರಿಗೂ ರೋಲರಿಗೂ ಎಷ್ಟು ಅಂತರವೋ ಗೆರೆಗೂ ಗೆರೆಗೂ ಅಷ್ಟೇ. ನೀರಿನ ಜೊತೆ ತಿಂಗಳುಗಟ್ಟಲೆ ಅಲ್ಲಾಡದೆ ನಿಂತಿದ್ದಕ್ಕೆ ಪ್ರತಿ ರೋಲರೂ ತಾನು ಕೂತ ಜಾಗದಲ್ಲಿ ತುಕ್ಕಿನ ಗುರುತು ಹಾಕಿದೆ. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತಿತ್ತು. ಉಗುರಿಗೆ ಸಿಕ್ಕಿತು ಅಂದರೆ ಆ ಬೇರಿಂಗ್ ಮುಗಿದ ಹಾಗೆ. ಎಷ್ಟೇ ಗ್ರೀಸ್ ತುಂಬಿದರೂ ಬದುಕುವುದಿಲ್ಲ.

ಬೇರಿಂಗ್ ನಂಬರ್ ಕೋನಿನ ಅಂಚಿನಲ್ಲೇ ಕೊರೆದಿರುತ್ತದೆ. ನಮ್ಮದು ಒಳಗೆ 30207, ಹೊರಗೆ 30205. ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳತೂತಿನ ಅಳತೆ ಮಿಲಿಮೀಟರಿನಲ್ಲಿ ಸಿಗುತ್ತದೆ. 07 ಅಂದರೆ 35, 05 ಅಂದರೆ 25. ನಂಬರ್ ಸವೆದುಹೋಗಿದ್ದರೂ ಸ್ಕೇಲ್ ಹಿಡಿದು ಅಂಗಡಿಯವನಿಗೆ ಅರ್ಧ ದಾರಿ ತೋರಿಸಬಹುದು. ಬಿ.ಎಚ್. ರಸ್ತೆಗೆ ಹೋಗಿ ಕೋನ್, ಕಪ್ ಎರಡೂ ಸೇರಿದ ಸೆಟ್ ತಂದೆವು. ಹಳೇ ಕಪ್ಪಿಗೆ ಹೊಸ ಕೋನ್ ಹಾಕಿ ದುಡ್ಡು ಉಳಿಸುವುದು ಸುಳ್ಳು ಉಳಿತಾಯ. ಅರ್ಧ ಬೆಲೆಗೆ ಹೊಳೆಯುವ ಪೆಟ್ಟಿಗೆಯಲ್ಲಿ ಸಿಗುವ ಬೇರಿಂಗೂ ಬೇಡ. ಡೂಪ್ಲಿಕೇಟ್ ಮಾಲು ಬೇಕಾದಷ್ಟಿದೆ.

ರೋಲರ್ ಓರೆಯಾಗಿರುವ ಈ ಟೇಪರ್ ಬೇರಿಂಗಿಗೆ ಅಮೆರಿಕದ ಹೆನ್ರಿ ಟಿಮ್ಕೆನ್ 1898ರಲ್ಲಿ ಪೇಟೆಂಟ್ ಪಡೆದ. ಆತ ಕುದುರೆಗಾಡಿ ಮಾಡುತ್ತಿದ್ದವನು. ಗಾಡಿ ತಿರುವಿನಲ್ಲಿ ಹೋಗುವಾಗ ಚಕ್ರದ ಮೇಲೆ ಭಾರ ಮೇಲಿಂದಷ್ಟೇ ಬೀಳುವುದಿಲ್ಲ, ಪಕ್ಕದಿಂದಲೂ ತಳ್ಳುತ್ತದೆ. ಓರೆ ರೋಲರ್ ಎರಡನ್ನೂ ತಡೆಯುತ್ತದೆ. ನಮ್ಮ ದಾರಿಯಲ್ಲಿ ನೇರ ರಸ್ತೆ ಎಷ್ಟಿದೆ, ತಿರುವು ಎಷ್ಟಿದೆ ಅಂತ ನೆನೆಸಿಕೊಂಡರೆ ಆತನಿಗೆ ಒಂದು ನಮಸ್ಕಾರ ಹೇಳಬೇಕು.

ಹಿತ್ತಾಳೆ ಸರಳು ಇಟ್ಟು ಒಮ್ಮೆ ಆ ಬದಿ, ಒಮ್ಮೆ ಈ ಬದಿ ಹೊಡೆದು ಹಳೇ ಕಪ್ ಉದುರಿಸಿದೆವು. ಹೊಸತನ್ನೂ ಹಾಗೇ ನಿಧಾನಕ್ಕೆ ಕೂರಿಸಿದೆವು. ಪೂರ್ತಿ ತಳ ಮುಟ್ಟಿದಾಗ ಪೆಟ್ಟಿನ ಸದ್ದು ಗಟ್ಟಿಯಾಗುತ್ತದೆ, ಕಿವಿಗೇ ಗೊತ್ತಾಗುತ್ತದೆ. ಗ್ರೀಸ್ ತುಂಬುವುದು ಕೈಯಲ್ಲೇ. ಅಂಗೈಯಲ್ಲಿ ಒಂದು ಮುದ್ದೆ ಇಟ್ಟುಕೊಂಡು, ಕೋನಿನ ಅಗಲದ ಬಾಯಿಯನ್ನು ಅದರ ಅಂಚಿಗೆ ಒತ್ತಿ ಒತ್ತಿ ಎಳೆಯಬೇಕು. ರೋಲರ್‌ಗಳ ಸಂದಿಯಿಂದ ಇನ್ನೊಂದು ಬದಿಗೆ ಗ್ರೀಸ್ ಹುಳದ ಹಾಗೆ ಹೊರಬರುವವರೆಗೆ. ಸುಮ್ನೆ ಮೇಲೆ ಬಳಿದರೆ ಒಳಗೆ ಹೋಗುವುದಿಲ್ಲ. ಎರಡು ಬೇರಿಂಗ್ ನಡುವಿನ ಖಾಲಿ ಜಾಗಕ್ಕೆ ಮಾತ್ರ ಪೂರ್ತಿ ತುಂಬಬಾರದು. ಅರ್ಧದೊಳಗೆ ಸಾಕು. ಜಾಸ್ತಿ ತುಂಬಿದರೆ ಕಡೆದು ಕಡೆದು ಬಿಸಿಯಾಗುತ್ತದೆ, ಸೀಲ್ ಉಬ್ಬಿಸಿಕೊಂಡು ಹೊರಗೆ ಬರುತ್ತದೆ. ಗ್ರೀಸಿನಲ್ಲೂ ಭೇದ ಇದೆ. ಹಳೇ ಕಾಲದ ಚಾಸಿ ಗ್ರೀಸ್ 100 ಡಿಗ್ರಿ ಹತ್ತಿರಕ್ಕೇ ಕರಗಿ ನೀರಾಗುತ್ತದೆ. ಲಿಥಿಯಂ ಗ್ರೀಸ್ 180 ಡಿಗ್ರಿ ಆಸುಪಾಸಿನವರೆಗೆ ತಡೆಯುತ್ತದೆ. ಒಂದರ ಮೇಲೆ ಇನ್ನೊಂದನ್ನು ಬೆರೆಸಬಾರದು, ಹಳತನ್ನು ಪೂರ್ತಿ ತೊಳೆದೇ ಹೊಸತು.

ಇನ್ನು ನಟ್ ಬಿಗಿಯುವುದು. ಇಲ್ಲೇ ಬಹಳ ಜನ ಶಕ್ತಿ ತೋರಿಸಿ ಕೆಡಿಸುವುದು. ಒಬ್ಬರು ಹಬ್ ತಿರುಗಿಸುತ್ತಿರಬೇಕು, ಇನ್ನೊಬ್ಬರು ಸ್ಪಾನರಿನಲ್ಲಿ ನಟ್ ಬಿಗಿಯಬೇಕು. ಬೇರಿಂಗ್ ತನ್ನ ಜಾಗದಲ್ಲಿ ಕೂತ ಮೇಲೆ ನಟ್ಟನ್ನು ಕಾಲು ಸುತ್ತು ಹಿಂದೆ ತಿರುಗಿಸಿ ಪೂರ್ತಿ ಸಡಿಲ ಮಾಡಬೇಕು. ಆಮೇಲೆ ಬರೀ ಬೆರಳಿನಲ್ಲಿ ಎಷ್ಟು ಬಿಗಿಯಾಗುತ್ತದೋ ಅಷ್ಟು. ಪಿನ್ನಿನ ತೂತು ಎದುರಾಗದಿದ್ದರೆ ಹತ್ತಿರದ ಸಂದಿಗೆ ಸಡಿಲದ ಕಡೆಗೇ ತಿರುಗಿಸಬೇಕು, ಬಿಗಿಯ ಕಡೆಗಲ್ಲ. ಸ್ಪ್ಲಿಟ್ ಪಿನ್ ಪ್ರತಿ ಸಲ ಹೊಸತು. ಕೂದಲೆಳೆಯಷ್ಟು ಪ್ಲೇ ಇರಬೇಕು. ಬಿಸಿಯಾದಾಗ ಲೋಹ ಹಿಗ್ಗುತ್ತದೆ, ಅದಕ್ಕೆ ಜಾಗ ಬೇಡವಾ?

ಬಲಗಡೆಯದು ಸ್ವಚ್ಛ ಇತ್ತು. ತೊಳೆದು ಹೊಸ ಗ್ರೀಸ್, ಹೊಸ ಸೀಲ್ ಹಾಕಿ ಮುಚ್ಚಿದೆವು.

ಸಂಜೆ ಚೀಲ ತುಂಬಿದ್ದು. ಅದರಲ್ಲಿ ಮುಖ್ಯವಾದದ್ದು ಒಂದು ತಯಾರಿ ಹಬ್. ಕಪ್, ಕೋನ್, ಗ್ರೀಸ್, ಸೀಲ್ ಎಲ್ಲ ಮನೆಯಲ್ಲೇ ಕೂರಿಸಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟದ್ದು. ರಸ್ತೆ ಪಕ್ಕ ಕತ್ತಲಲ್ಲಿ ಕೂತು ಕಪ್ ಹೊಡೆಯುವ ಬದಲು ಹಬ್ಬಿಗೆ ಹಬ್ಬೇ ಬದಲಿಸಿ ಹೊರಡಬಹುದು. ಜೊತೆಗೆ ಪಿನ್, ಸೀಲ್, ಗ್ರೀಸ್ ಡಬ್ಬಿ, ಸುತ್ತಿಗೆ, ಉಳಿ, ಎಮರಿ ಕಾಗದ, ಬಾಟಲಿಯಲ್ಲಿ ಸೀಮೆಎಣ್ಣೆ, ಹಳೇ ಪಂಚೆ ಚೂರು, ತಲೆಗೆ ಕಟ್ಟುವ ಬ್ಯಾಟರಿ, ಕೆಂಪು ತ್ರಿಕೋನ, ಸ್ಟೆಪ್ನಿ. ಜಾಕಿನ ಕೆಳಗೆ ಇಡಲು ಒಂದು ಹಲಗೆ ಮರೆಯಬಾರದು. ನಮ್ಮ ಕೆಂಪು ಮಣ್ಣಿನಲ್ಲಿ ಹಲಗೆ ಇಲ್ಲದೆ ಜಾಕ್ ಕೊಟ್ಟರೆ ಟ್ರೈಲರ್ ಏಳುವುದಿಲ್ಲ, ಜಾಕ್ ಇಳಿಯುತ್ತದೆ. ಪಿಕಪ್ಪಿನ ವೀಲ್ ಸ್ಪಾನರ್ ಟ್ರೈಲರಿನ ನಟ್ಟಿಗೆ ಆಗುತ್ತದಾ ಅಂತ ಅಂಗಳದಲ್ಲೇ ಹಾಕಿ ನೋಡಿದೆವು. ಆಗಲಿಲ್ಲ. ಇನ್ನೊಂದು ಸ್ಪಾನರ್ ಚೀಲ ಸೇರಿತು.

ಭಾನುವಾರ, ತೀರ್ಥಹಳ್ಳಿ ದಾರಿ

ಗಜನೂರು ಡ್ಯಾಮಿನ ಹತ್ತಿರ ಮೊದಲ ಸ್ಟಾಪ್. ಚಹಾ ನೆಪ. ಇಳಿದ ಕೂಡಲೇ ಎರಡೂ ಹಬ್ಬಿಗೆ ಕೈ ಹಿಂಭಾಗ ತಾಗಿಸಿ ನೋಡಿದೆ. ನಮ್ಮ ಟ್ರೈಲರಿಗೆ ಬ್ರೇಕ್ ಇಲ್ಲ. ಹಾಗಾಗಿ ಹಬ್ ಬಿಸಿಯಾಗಲು ಬೇರಿಂಗ್ ಬಿಟ್ಟು ಬೇರೆ ಕಾರಣವೇ ಇಲ್ಲ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಇದ್ದರೆ ಅಲ್ಲೇ ಬಿಚ್ಚಬೇಕು. ಬ್ರೇಕ್ ಇರುವ ಟ್ರೈಲರಾದರೆ ಇಷ್ಟು ಸುಲಭ ಅಲ್ಲ. ಅಲ್ಲಿ ಎಡಕ್ಕೂ ಬಲಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡಬೇಕು. ಭಾವ ಕೋವಿಡ್ ಕಾಲದ ಹಣೆಗೆ ಹಿಡಿಯುವ ಗನ್ ತಂದಿದ್ದ. ಅದು ಮೈ ಜ್ವರ ಅಳೆಯಲಷ್ಟೇ ಲಾಯಕ್ಕು. ಮೆಕ್ಯಾನಿಕ್‌ಗಳು ಇಟ್ಟುಕೊಳ್ಳುವ ಗನ್ನೇ ಬೇರೆ.

ಸಕ್ರೆಬೈಲಿನಲ್ಲಿ ಆನೆ ನೋಡುವವರ ಕಾರುಗಳ ಸಾಲು. ಎಳೆದುಕೊಂಡು ಹೋಗುವವರಿಗೆ ಅಲ್ಲಿ ನಿಲ್ಲಿಸುವುದೂ ಕಷ್ಟ, ಹಿಂದೆ ತೆಗೆಯುವುದು ಇನ್ನೂ ಕಷ್ಟ. ನಿಲ್ಲಿಸಲಿಲ್ಲ. ಮಂಡಗದ್ದೆಯಲ್ಲಿ ಮತ್ತೆ ಇಳಿದು ವೀಲ್ ನಟ್ ನೋಡಿದೆ. ಚಕ್ರ ಬಿಚ್ಚಿ ಹಾಕಿದ ಮೇಲೆ ಐವತ್ತು ಅರವತ್ತು ಕಿಲೋಮೀಟರ್ ಒಳಗೆ ಒಮ್ಮೆ ಎದುರುಬದುರು ಬಿಗಿಯಬೇಕು. ಎರಡು ನಟ್ ಸ್ವಲ್ಪ ತಿರುಗಿದವು. ಹೊಳೆ ನಡುವಿನ ದ್ವೀಪದ ಮರಗಳಲ್ಲಿ ಹಕ್ಕಿಗಳು ಹೆಚ್ಚೇನೂ ಉಳಿದಿರಲಿಲ್ಲ. ಅವುಗಳ ಸೀಸನ್ ಮಳೆಗಾಲ.

ಮಧ್ಯಾಹ್ನದ ಊಟಕ್ಕೆ ತೀರ್ಥಹಳ್ಳಿ ಆಚೆ ತೋಟದ ಮನೆ ಸೇರಿದೆವು.

ಸೋಮವಾರ, ತೋಟದ ಮನೆ

ಇಡೀ ದಿನ ಸುಲಿತ. ಹೇಳಬೇಕಾದ್ದು ಒಂದೇ ವಿಷಯ. ಮಿಷನ್ ಟ್ರೈಲರ್ ಮೇಲೇ ಓಡುತ್ತದೆ. ಬೆಳಗಿನಿಂದ ಸಂಜೆವರೆಗೆ ಗಡಗಡ ನಡುಕ. ಚಕ್ರ ತಿರುಗುತ್ತಿಲ್ಲ, ಭಾರ ಮಾತ್ರ ಅದೇ ರೋಲರ್‌ಗಳ ಮೇಲೆ, ಅದೇ ಜಾಗದಲ್ಲಿ ಕುಟ್ಟುತ್ತಿರುತ್ತದೆ. ಗ್ರೀಸ್ ಸರಿದು ಲೋಹಕ್ಕೆ ಲೋಹ ತಾಗಿ ಕಪ್ಪಿನಲ್ಲಿ ಸಣ್ಣ ಗುಳಿ ಬೀಳುತ್ತದೆ. ಓಡದೇ ಬೇರಿಂಗ್ ಹೋಗುವುದು ಹೀಗೂ ಉಂಟು. ಆದ್ದರಿಂದ ನಾಲ್ಕು ಮೂಲೆಗೆ ಮರದ ತುಂಡು ಕೊಟ್ಟು ಚಕ್ರದ ಮೇಲಿನ ಭಾರ ಇಳಿಸಿಯೇ ಮಿಷನ್ ಚಾಲೂ ಮಾಡಿದೆವು. ಮನೆಯ ಅಜ್ಜ ಬಂದು ನೋಡಿ, "ಮಿಷನ್ನಿಗೂ ಮಂಚ ಹಾಕ್ತೀರಲ್ಲ" ಅಂದರು.

ಆ ಅಜ್ಜನಿಗೆ ಮಿಷನ್ ಕಂಡರೆ ಆಗದು. ಹೆಚ್ಚು ಬೆಲೆಯ ಸರಕು ಮಾಡುವ ಅಡಿಕೆಯನ್ನು ಬೇರೆ ಇಟ್ಟಿದ್ದರು. ಅದು ಮೆಟ್ಟುಗತ್ತಿಯಲ್ಲಿ ಕೈಸುಲಿತವೇ ಆಗಬೇಕು, ಸಾಮಾನ್ಯ ರಾಶಿ ಅಡಿಕೆಗೆ ಬೇಕಾದರೆ ನಿಮ್ಮ ಮಿಷನ್ ಅಂದರು. ವಾದ ಮಾಡಲಿಲ್ಲ. ಸಂಜೆ ಅಡಿಕೆ ಬೇಯಿಸುವ ಚೊಗರಿನ ಹಂಡೆಯಿಂದ ಅಂಗಳ ತುಂಬಾ ಘಮ. ರಾತ್ರಿ ಅಕ್ಕಿ ರೊಟ್ಟಿ.

ಮಂಗಳವಾರ, ನಗರದ ದಾರಿ

ತೀರ್ಥಹಳ್ಳಿಯಿಂದ ಕವಲೇದುರ್ಗದ ಕಡೆಯಿಂದ ನಗರಕ್ಕೆ ಹೊರಟೆವು. ಶರಾವತಿ ಹುಟ್ಟುವ ಅಂಬುತೀರ್ಥವೂ ಇದೇ ತಾಲ್ಲೂಕಿನಲ್ಲಿದೆ. ನಾವು ಕೊನೆಗೆ ಹೋಗಿ ನಿಲ್ಲುವುದು ಅದೇ ಹೊಳೆಯ ಹಿನ್ನೀರಿನಲ್ಲಿ.

ಏರಿನ ಒಂದು ತಿರುವಿನಲ್ಲಿ ರಸ್ತೆ ಮೇಲೆ ಸೊಪ್ಪಿನ ಕೊಂಬೆ ಬಿದ್ದಿತ್ತು. ಮಲೆನಾಡಿನಲ್ಲಿ ರಸ್ತೆಗೆ ಸೊಪ್ಪು ಹಾಕಿದ್ದಾರೆ ಅಂದರೆ ಮುಂದೆ ಗಾಡಿ ಕೆಟ್ಟು ನಿಂತಿದೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ಒಳ್ಳೆಯ ಪದ್ಧತಿಯೇ. ಆದರೆ ಕೆಲವರು ಸೊಪ್ಪಿನ ಜೊತೆ ಕಲ್ಲೂ ಇಡುತ್ತಾರೆ, ಗಾಡಿ ರಿಪೇರಿ ಆದ ಮೇಲೆ ಕಲ್ಲು ಅಲ್ಲೇ ಬಿಟ್ಟು ಹೋಗುತ್ತಾರೆ. ರಾತ್ರಿ ಬೈಕಿನಲ್ಲಿ ಬರುವವನ ಗತಿ ಏನು?

ತಿರುವು ದಾಟಿದರೆ ಜನರೇಟರ್ ಹೊತ್ತ ಒಂದು ಟ್ರೈಲರ್ ಎಡಕ್ಕೆ ವಾಲಿ ನಿಂತಿತ್ತು. ಎಳೆಯುವ ಗಾಡಿ ಮುಂದೆ. ನಗರದ ಹತ್ತಿರದ ಮದುವೆಮನೆಗೆ ಹೊರಟ ಇಬ್ಬರು ಹುಡುಗರು. ಒಬ್ಬ ಕ್ಯಾನಿನಿಂದ ಹಬ್ಬಿಗೆ ನೀರು ಸುರಿಯುತ್ತಿದ್ದ, ಆವಿ ಭುಸ್ ಅನ್ನುತ್ತಿತ್ತು.

"ನೀರು ಹಾಕಬೇಡಿ ಮಾರಾಯ್ರೆ!" ಭಾವ ಗಾಡಿಯಿಂದಲೇ ಕೂಗಿದ.

ಅಷ್ಟು ಕಾದ ಉಕ್ಕಿಗೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು, ಆವಿಗೆ ಮುಖ ಸುಡಬಹುದು. ತಾನಾಗಿ ಆರಬೇಕು. ಆರುವವರೆಗೆ ಮಾಡುವ ಕೆಲಸ ಬೇರೆ ಬೇಕಾದಷ್ಟಿತ್ತು. ಸೊಪ್ಪು ಇದ್ದದ್ದು ತಿರುವಿನ ಮೇಲ್ಗಡೆ. ಕೆಳಗಿನಿಂದ ಬರುವವರಿಗೆ ಕಾಣುವಂತೆ ತಿರುವಿಗೆ ಮುಂಚೆ, ಐವತ್ತು ಅರವತ್ತು ಹೆಜ್ಜೆ ಕೆಳಗೆ ನಮ್ಮ ತ್ರಿಕೋನ ಇಟ್ಟು ಬಂದೆ. ಘಾಟಿ ರಸ್ತೆಯಲ್ಲಿ ತ್ರಿಕೋನ ಗಾಡಿ ಪಕ್ಕ ಇಟ್ಟರೆ ಅಲಂಕಾರ ಅಷ್ಟೆ. ಅವರ ಗಾಡಿಯ ಚಕ್ರಗಳಿಗೆ ಕಟ್ಟೆ ಕೊಟ್ಟೆವು. ಹಲಗೆ ಇಟ್ಟು ಜಾಕ್ ಎತ್ತಿದೆವು.

ನಮ್ಮ ತಯಾರಿ ಹಬ್ ಅವರಿಗೆ ಆಗಲಿಲ್ಲ. ಅವರ ಸ್ಟಬ್, ಅಂದರೆ ಹಬ್ ಕೂರುವ ಆಕ್ಸಲ್ ತುದಿ, ದಪ್ಪ, ಬೋಲ್ಟಿನ ಅಂತರವೂ ಬೇರೆ. ಹಬ್ ಆರಿದ ಮೇಲೆ ಬಿಚ್ಚಿದರೆ ಹೊರಗಿನ ಬೇರಿಂಗ್ ಚೂರುಚೂರು. ಕೇಜ್ ಹರಿದು, ರೋಲರ್‌ಗಳು ಕರಿ ಗ್ರೀಸಿನ ಜೊತೆ ನೆಲಕ್ಕೆ ಉದುರಿದವು. ಒಂದೆರಡು ಚಪ್ಪಟೆಯಾಗಿದ್ದವು. ಕೋನಿನ ಒಳಬಳೆ ನೀಲಿ ಬಣ್ಣಕ್ಕೆ ತಿರುಗಿ ಸ್ಟಬ್ಬನ್ನು ಕಚ್ಚಿ ಹಿಡಿದಿತ್ತು. ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಸ್ಪ್ಲಿಟ್ ಪಿನ್ ಇರಬೇಕಾದ ತೂತಿನಲ್ಲಿ ತುಂಡಾದ ಒಂದು ಮೊಳೆ. ನಟ್ ಅರ್ಧ ಸುತ್ತಿಗಿಂತ ಜಾಸ್ತಿ ಸಡಿಲ. "ಮೊನ್ನೆ ತಾನೇ ಸರ್ವಿಸ್ ಮಾಡಿಸಿದ್ದು ಅಣ್ಣ," ಅಂದ ಹುಡುಗ. ಎಲ್ಲಿ ಅಂತ ಕೇಳಿ ಏನು ಪ್ರಯೋಜನ. ಕೆಲವೇ ರೂಪಾಯಿಯ ಪಿನ್ನಿನ ಜಾಗಕ್ಕೆ ಮೊಳೆ ಬಗ್ಗಿಸಿ ಕಳಿಸುವ ಕೈಗಳು ಎಲ್ಲ ಊರಲ್ಲೂ ಇವೆ.

ಬೇರಿಂಗ್ ತರಿಸಬೇಕು. ಅಲ್ಲಿ ನೆಟ್‌ವರ್ಕ್ ಇಲ್ಲ. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬರು, ಮೇಲಿನ ಮನೆಯ ಕಣದಲ್ಲಿ ನಿಂತರೆ ಒಂದು ಕಡ್ಡಿ ಸಿಗುತ್ತದೆ ಅಂದರು. ಒಳಗಿನ ಕೋನನ್ನು ಸೀಮೆಎಣ್ಣೆಯಲ್ಲಿ ಒರೆಸಿ ನಂಬರ್ ಓದಿದೆವು: 30208. ಹೊರಗಿನದರ ಬಳೆಯ ಅಂಚಿನಲ್ಲಿ ಕಷ್ಟಪಟ್ಟು 30206 ಕಂಡಿತು. ಒಳಗಿನದು ನೋಡಲು ಪರವಾಗಿಲ್ಲ ಅನ್ನಿಸಿದರೂ ಅಷ್ಟು ಕಾದದ್ದನ್ನು ನಂಬುವ ಹಾಗಿಲ್ಲ, ಎರಡೂ ಸೆಟ್ ಹೇಳಿ ಅಂದೆ. ಹುಡುಗ ಕಣಕ್ಕೆ ಓಡಿದ. ತೀರ್ಥಹಳ್ಳಿಯ ಅಂಗಡಿಯವರು ಕೇಳಿದ್ದು ಎರಡೇ ಮಾತು: ನಂಬರ್ ಸರಿಯಾಗಿ ಹೇಳಿ, ಯಾವ ತಿರುವು ಹೇಳಿ. ಮಧ್ಯಾಹ್ನದ ಬಸ್ಸಿಗೆ ಹಾಕುತ್ತೇವೆ ಅಂದರಂತೆ. ಈ ವ್ಯವಸ್ಥೆಗೆ ಸಮ ಯಾವ ಆ್ಯಪೂ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ ಸಹಾಯವಾಣಿ 1033ಕ್ಕೆ ಫೋನ್ ಮಾಡಬಹುದು, ಅಪಘಾತ ಗಿಪಘಾತ ಆದರೆ 112 ಇದೆ. ಇಂಥ ಒಳದಾರಿಯಲ್ಲಿ ಬಸ್ಸೇ ಗತಿ.

ಬಸ್ ಬರುವವರೆಗೆ ಕಚ್ಚಿದ ಬಳೆ ತೆಗೆಯಬೇಕಿತ್ತು. ಉಳಿ ಇಟ್ಟು ಹೊಡೆದೆವು, ಜಗ್ಗಲಿಲ್ಲ. ಆಗ ಮೇಲಿನ ಮನೆಯ ಯಜಮಾನರು ಇಳಿದು ಬಂದರು. ಮನೆಯಲ್ಲಿ ಕಟಿಂಗ್ ಮಿಷನ್ ಇದೆ, ಆದರೆ ಇಲ್ಲಿ ಕರೆಂಟ್ ಎಲ್ಲಿದೆ ಅಂದರು. ಎಲ್ಲರೂ ಒಟ್ಟಿಗೆ ಜನರೇಟರ್ ಕಡೆ ತಿರುಗಿದೆವು. ಟ್ರೈಲರನ್ನು ಮಟ್ಟಕ್ಕೆ ಎತ್ತಿ ಕಟ್ಟೆ ಭದ್ರ ಮಾಡಿ ಜನರೇಟರ್ ಚಾಲೂ ಮಾಡಿದೆವು. ಕೆಟ್ಟ ಗಾಡಿ ತನ್ನ ರಿಪೇರಿಗೆ ತಾನೇ ಕರೆಂಟ್ ಕೊಟ್ಟಿತು. ಬಳೆಯನ್ನು ಪೂರ್ತಿ ಕೊಯ್ಯಬಾರದು, ಬ್ಲೇಡ್ ಸ್ಟಬ್ಬಿಗೆ ತಾಗಿದರೆ ಅದಕ್ಕೆ ಗಾಯ. ದಪ್ಪದ ಮುಕ್ಕಾಲು ಪಾಲು ಕೊಯ್ದು ನಿಲ್ಲಿಸಿ, ಆ ಸಂದಿಗೆ ಉಳಿ ಇಟ್ಟು ಒಂದು ಪೆಟ್ಟು ಕೊಟ್ಟರೆ ಸಾಕು. ಬೇರಿಂಗ್ ಉಕ್ಕು ಗಡಸು, ಬಗ್ಗುವುದಿಲ್ಲ, ಪಟ್ ಅಂತ ಸೀಳುತ್ತದೆ. ಸೀಳಿತು.

ಬಸ್ ಬಂತು. ಕಂಡಕ್ಟರ್ ಕಿಟಕಿಯಿಂದ ಪೇಪರಿನ ಪೊಟ್ಟಣ ಕೊಟ್ಟು, ಚಹಾ ಕಾಸು ಇಸಿದುಕೊಂಡು, ಕೆಳಗಿಳಿದು ಹಬ್ ನೋಡಿ, "ಪಿನ್ ಹಾಕಿರಲಿಲ್ಲ ಅಲ್ವಾ?" ಅಂತ ಕೇಳಿಯೇ ಹೋದರು. ಸ್ಟಬ್ಬಿನ ಮೇಲಿನ ಚೂಪನ್ನು ಎಮರಿಯಲ್ಲಿ ತೆಗೆದ ಮೇಲೆ ಹೊಸ ಕೋನ್ ಕೈಯಲ್ಲೇ ಜಾರಿ ಕೂತಿತು, ಅಲ್ಲಾಡಲಿಲ್ಲ. ಅಲ್ಲಾಡಿದ್ದರೆ ಅಲ್ಲೇ ಬಿಟ್ಟು ಹೋಗಬೇಕಾಗುತ್ತಿತ್ತು. ಸವೆದ ಸ್ಟಬ್ ಮೇಲೆ ಕೋನ್ ಸುತ್ತತೊಡಗಿದರೆ ಆ ಬೇರಿಂಗೂ ಉಳಿಯುವುದಿಲ್ಲ. ಕಪ್ ಹೊಡೆದು, ಗ್ರೀಸ್ ತುಂಬಿ, ನಟ್ ಬೆರಳಲ್ಲಿ ಬಿಗಿದು ನಮ್ಮ ಚೀಲದ ಪಿನ್ ಹಾಕಿದೆವು. ಸೀಲ್ ಮಾತ್ರ ಅಳತೆಯದ್ದು ಇರಲಿಲ್ಲ, ಹಳತನ್ನೇ ಕೂರಿಸಿದೆವು. ಮದುವೆ ಮುಗಿದ ಮೇಲೆ ಸೀಲ್ ಬದಲಿಸಿ, ಸ್ಟಬ್ಬನ್ನು ಲೇತಿನವರಿಗೆ ತೋರಿಸಿ ಅಂತ ಹೇಳಿ ಕಳಿಸಿದೆವು. ಸೊಪ್ಪು ಹುಡುಗರೇ ಎತ್ತಿ ಚರಂಡಿಗೆ ಹಾಕಿದರು. ಕಲ್ಲು ಇರಲಿಲ್ಲ, ಪುಣ್ಯ.

ನಗರಕ್ಕೆ ಬಂದಾಗ ಕೋಟೆ ಗೋಡೆ ಮೇಲೆ ಬಿಸಿಲು ಇಳಿಯುತ್ತಿತ್ತು. ಕೆಳದಿ ಅರಸರ ಬಿದನೂರು ಇದು. 1763ರಲ್ಲಿ ಹೈದರಾಲಿ ಗೆದ್ದ ಮೇಲೆ ಹೈದರನಗರ ಆಯಿತು, ಈಗ ಬರೀ ನಗರ. ನೋಡುತ್ತಾ ನಿಲ್ಲಲು ಹೊತ್ತಿರಲಿಲ್ಲ. ನಾವು ಹೋಗಬೇಕಾದ ಮನೆಗೆ ಇನ್ನೂ ಒಂದು ಹಳ್ಳ ದಾಟಬೇಕಿತ್ತು.

ಹಳ್ಳದ ದಡದಲ್ಲಿ ನಾನು ಗಾಡಿ ನಿಲ್ಲಿಸಲು ಹೇಳಿದೆ. ಏರು ಹತ್ತಿ ಬಂದ ಹಬ್ ಬೆಚ್ಚಗಿತ್ತು. ಬೆಚ್ಚಗಿನ ಹಬ್ಬಿನೊಳಗೆ ಗಾಳಿ ಹಿಗ್ಗಿರುತ್ತದೆ. ಒಮ್ಮೆಲೆ ತಣ್ಣೀರಿಗೆ ಇಳಿಸಿದರೆ ಆ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ದೋಣಿ ಟ್ರೈಲರಿನವರಿಗೆ ಇದು ಚೆನ್ನಾಗಿ ಗೊತ್ತು. ಆಚೆ ದಡದಲ್ಲಿ ಮನೆಯವರು ಬ್ಯಾಟರಿ ಬೀಸುತ್ತಾ ಕೂಗುತ್ತಿದ್ದರು: "ಬನ್ನಿ ಬನ್ನಿ, ನೀರು ಮೊಣಕಾಲಿಗೂ ಇಲ್ಲ!" ಮೊಣಕಾಲಿನ ವಿಷಯ ಅಲ್ಲ ಅಂತ ಹಳ್ಳದ ಸದ್ದಿನ ಮೇಲೆ ಕೂಗಿ ವಿವರಿಸುವುದು ಹೇಗೆ? ಭಾವ, "ಇವನಿಗೆ ಸ್ವಲ್ಪ ಕಾಲು ಹಿಡ್ಕೊಂಡಿದೆ," ಅಂತ ಕೂಗಿ ನನ್ನ ಮಾನ ಕಳೆದ. ಹಬ್ ತಣ್ಣಗಾದ ಮೇಲೆಯೇ ದಾಟಿದ್ದು.

ಬುಧವಾರ, ನಗರ

ಬೆಳಿಗ್ಗೆ ಎರಡೂ ಡಸ್ಟ್ ಕ್ಯಾಪ್ ತೆಗೆದು ನೋಡಿದೆ. ಗ್ರೀಸ್ ಬಣ್ಣ ಬದಲಾಗಿರಲಿಲ್ಲ. ಚಕ್ರ ಎತ್ತಿ ಅಲ್ಲಾಡಿಸಿದೆ. ಎಡಗಡೆ ಹೊಸ ಕಪ್ ಇನ್ನಷ್ಟು ಕೂತು ಸ್ವಲ್ಪ ಪ್ಲೇ ಬಂದಿತ್ತು. ಹೊಸ ಸೆಟ್ ಹಾಕಿದಾಗ ಹೀಗಾಗುವುದುಂಟು. ಪಿನ್ ತೆಗೆದು ಒಂದು ಸಂದಿ ಬಿಗಿದು ಹೊಸ ಪಿನ್ ಹಾಕಿದೆ. ಮಿಕ್ಕ ದಿನವೆಲ್ಲ ಸುಲಿತ, ಮನೆ ತುಂಬಾ ಜನ, ಕಡುಬು.

ಗುರುವಾರ, ತುಮರಿ

ಹೊಸನಗರ, ಬಟ್ಟೆಮಲ್ಲಪ್ಪ, ಸಾಗರ. ರಸ್ತೆ ಸುಮಾರು, ಹಬ್ ತಣ್ಣಗೆ, ಹೇಳುವಂಥದ್ದೇನಿಲ್ಲ. ಸಾಗರದಲ್ಲಿ ಊಟ ಮಾಡಿ ಸಿಗಂದೂರಿನ ದಾರಿ ಹಿಡಿದೆವು.

1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಮುಗಿದು ಹಿನ್ನೀರು ತುಂಬಿದ ಮೇಲೆ ತುಮರಿ ಕಡೆಯವರು ಸಾಗರಕ್ಕೆ ಬರಬೇಕಾದರೆ ಗಾಡಿ, ಜನ ಸಾಗಿಸುವ ಲಾಂಚೇ ಗತಿಯಾಗಿತ್ತು. ನಮಗೂ ಅಂಬಾರಗೋಡ್ಲಿನ ದಡದಲ್ಲಿ ಸಾಲು ನಿಂತು, ಟ್ರೈಲರ್ ಹತ್ತಿಸುವುದೋ ಬೇಡವೋ ಅಂತ ಲಾಂಚಿನವರ ಮುಖ ನೋಡುವುದೇ ಒಂದು ಕೆಲಸ. ಚಕ್ರ ಒದ್ದೆಯಾಗದೆ ಹತ್ತಿದ್ದು ಕಡಿಮೆ. 2025ರ ಜುಲೈನಲ್ಲಿ ಸೇತುವೆ ಉದ್ಘಾಟನೆ ಆಯಿತು. ಕೇಬಲ್ ಕಟ್ಟಿದ ಎತ್ತರದ ಕಂಬಗಳ ಕೆಳಗೆ, ಎರಡು ಕಿಲೋಮೀಟರಿಗಿಂತ ಉದ್ದದ ನೇರ ರಸ್ತೆ. ಲಾಂಚಿನಲ್ಲಿ ಸಿಗುತ್ತಿದ್ದ ಹರಟೆ ಹೋಯಿತು ಅಂತ ಭಾವನಿಗೆ ಬೇಜಾರು. ನನಗೆ ಅಂಥದ್ದೇನೂ ಇಲ್ಲ. ರಾತ್ರಿ ಹೊತ್ತು ಕಾಯಿಲೆ ಬಿದ್ದವರನ್ನು ದಡಕ್ಕೆ ತಂದು ಕಾದವರನ್ನು ಕೇಳಿದರೆ ಅವರಿಗೂ ಇರಲಾರದು.

ತುಮರಿಯ ಮನೆಯಲ್ಲಿ ನಾನು ಇಳಿದ ಕೂಡಲೇ ಹಬ್ಬಿಗೆ ಕೈ ಇಡುವುದನ್ನು ಯಜಮಾನರು ನೋಡಿದರು. ಅದೇನು ಅಂತ ಕೇಳಿದರು. ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನಮ್ಮ ಟಿಲ್ಲರ್ ಟ್ರೈಲರನ್ನೂ ಒಮ್ಮೆ ನೋಡಿ, ಗೊಬ್ಬರ ಹೊಡೆಯುವಾಗ ಕೂಗುತ್ತದೆ ಅಂದರು. ಕತ್ತಲಾಗುವ ಮುಂಚೆ ಜಾಕ್ ಕೊಟ್ಟೆವು. ಚಕ್ರ ತಿರುಗಿಸಿದರೆ ಪಕ್ಕದ ಮನೆಯ ನಾಯಿ ಬೊಗಳುವಷ್ಟು ಸದ್ದು. ಡಸ್ಟ್ ಕ್ಯಾಪ್ ಇರಲೇ ಇಲ್ಲ, ಅದರ ಜಾಗಕ್ಕೆ ಪ್ಲಾಸ್ಟಿಕ್ ಕವರ್ ಕಟ್ಟಿದ್ದರು. ಬಿಚ್ಚಿದ ಕೂಡಲೇ ಒಂದು ಲೋಟದಷ್ಟು ಕೆಂಪು ನೀರು ಅಂಗಳಕ್ಕೆ ಸುರಿಯಿತು.

ಅವರ ಮಗ ಕೋನ್ ಒರೆಸಿ ಬ್ಯಾಟರಿ ಬೆಳಕಿಗೆ ಹಿಡಿದು ನಂಬರ್ ಓದಿದ. ಇಲ್ಲಿ ಫೋನ್ ಸಿಗುತ್ತದೆ, ಕಣಕ್ಕೆ ಓಡಬೇಕಿಲ್ಲ. ಸಾಗರದ ಅಂಗಡಿಗೆ ಹೇಳಿದ್ದಾಯಿತು: ಎರಡು ಸೆಟ್ ಬೇರಿಂಗ್, ಸೀಲ್, ಡಸ್ಟ್ ಕ್ಯಾಪ್, ಪಿನ್ ಒಂದು ಡಜನ್. ಬೆಳಗಿನ ಬಸ್ಸಿಗೆ ಹಾಕುತ್ತಾರಂತೆ.